ಪಾಳು ಮನೆಗೂ ಒಬ್ಬ ವಾರಸುದಾರ: ಅಮೆರಿಕದ ಲ್ಯಾಂಡ್ ಬ್ಯಾಂಕ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಫ್ಲಿಂಟ್ ಊರಿನಿಂದ ಅರ್ಧ ಗಂಟೆ ದೂರದಲ್ಲಿ. ಫ್ಲಿಂಟ್‌ನಲ್ಲಿ ಪಶ್ಚಿಮ ಕಾಶಿ ಶ್ರೀ ವಿಶ್ವನಾಥ ದೇವಸ್ಥಾನ ಇದೆ. ಊರಿಂದ ಯಾರಾದರೂ ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ದರ್ಶನ ಆದ ಮೇಲೆ ಊರೊಳಗೆ ಒಂದು ಸುತ್ತು ಹಾಕಿದರೆ ಎಲ್ಲರೂ ಕೇಳುವುದು ಒಂದೇ ಮಾತು: "ಇಷ್ಟೊಂದು ಮನೆ ಯಾಕೆ ಹೀಗೆ ಪಾಳು ಬಿದ್ದಿವೆ? ಯಾರೂ ಕೇಳೋರಿಲ್ವಾ?" ಕೇಳೋರು ಇದ್ದಾರೆ. ಅವರ ಬಗ್ಗೆಯೇ ಈ ಪುಟ. ಇಷ್ಟು ವರ್ಷಗಳಲ್ಲಿ ನೆಂಟರು, ಸ್ನೇಹಿತರು ಕೇಳಿದ ಪ್ರಶ್ನೆಗಳನ್ನೇ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಲ್ಯಾಂಡ್ ಬ್ಯಾಂಕ್ ಅಂದರೆ ಏನು? ಸಾಲ ಕೊಡುತ್ತಾ?

ಇಲ್ಲ. ನಮ್ಮ ಕಡೆ ಹಳಬರಿಗೆ ಈ ಹೆಸರು ಕೇಳಿದ ಕೂಡಲೇ ಪಿಎಲ್‌ಡಿ ಬ್ಯಾಂಕ್ ನೆನಪಾಗುತ್ತದೆ. ಬಾವಿ ತೋಡಿಸಲು, ಟ್ರ್ಯಾಕ್ಟರ್ ಕೊಳ್ಳಲು ಜಮೀನಿನ ಮೇಲೆ ಸಾಲ ಕೊಡುತ್ತಿದ್ದ ಬ್ಯಾಂಕ್. ಪೇಪರ್ ಓದುವವರಿಗೆ ಕೈಗಾರಿಕೆಗಾಗಿ ಸರ್ಕಾರ ಕೂಡಿಟ್ಟುಕೊಂಡ ಜಮೀನು ನೆನಪಾಗುತ್ತದೆ. ಅಮೆರಿಕದ ಲ್ಯಾಂಡ್ ಬ್ಯಾಂಕ್ ಇವೆರಡೂ ಅಲ್ಲ. ಯಾರಿಗೂ ಬೇಡವಾದ, ತೆರಿಗೆ ಬಾಕಿ ಬಿದ್ದ, ಪಾಳು ಮನೆ ಮತ್ತು ಖಾಲಿ ಸೈಟುಗಳನ್ನು ತನ್ನ ಹೆಸರಿಗೆ ಮಾಡಿಕೊಂಡು, ದಾಖಲೆ ಸರಿಪಡಿಸಿ, ಊರಿಗೆ ಉಪಯೋಗ ಆಗುವವರ ಕೈಗೆ ದಾಟಿಸುವ ಸಾರ್ವಜನಿಕ ಸಂಸ್ಥೆ ಅದು. ಈಗ ಅಮೆರಿಕದಲ್ಲಿ ಇಂಥವು 300ಕ್ಕೂ ಹೆಚ್ಚು ಇವೆ. ಮೊದಲನೆಯದು ಶುರುವಾಗಿದ್ದು 1971ರಲ್ಲಿ, ಮಿಸ್ಸೌರಿಯ ಸೇಂಟ್ ಲೂಯಿಸ್‌ನಲ್ಲಿ. ಆದರೆ ದೇಶಕ್ಕೆಲ್ಲ ದಾರಿ ತೋರಿಸಿದ್ದು ಫ್ಲಿಂಟ್ ಇರುವ ಜೆನೆಸೀ ಕೌಂಟಿ. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದ ಹಾಗೆ.

ಒಂದು ಊರಲ್ಲಿ ಅಷ್ಟು ಮನೆಗಳು ಖಾಲಿ ಆಗೋದಾದರೂ ಹೇಗೆ?

ಕೆಜಿಎಫ್‌ನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿದ ಮೇಲೆ ಒಂದು ಇಡೀ ಊರಿನ ಪಾಡು ಏನಾಯಿತು ಅಂತ ಅವರು ನೋಡಿದ್ದಾರೆ. ಫ್ಲಿಂಟ್‌ಗೆ ಜನರಲ್ ಮೋಟರ್ಸ್ ಹಾಗೆಯೇ ಇತ್ತು. ಆ ಕಂಪನಿ ಹುಟ್ಟಿದ್ದೇ ಇಲ್ಲಿ, 1908ರಲ್ಲಿ. 1970ರ ದಶಕದಲ್ಲಿ ಫ್ಲಿಂಟ್ ಸುತ್ತಮುತ್ತ ಸುಮಾರು 80,000 ಜನಕ್ಕೆ ಅದೇ ಅನ್ನ ಕೊಡುತ್ತಿತ್ತು. ಆಮೇಲೆ ಒಂದೊಂದೇ ಕಾರ್ಖಾನೆ ಮುಚ್ಚಿತು. ಈಗ ಆ ಕೆಲಸಗಳು 10,000ಕ್ಕೂ ಕಡಿಮೆ.

1960ರಲ್ಲಿ ಊರಿನ ಜನಸಂಖ್ಯೆ 1,96,940. 2020ರಲ್ಲಿ 81,252. ಜನ ಹೋದರು, ಮನೆಗಳು ನಿಂತಲ್ಲೇ ನಿಂತವು. ಇದೇ ರಾಜ್ಯದ ಡೆಟ್ರಾಯಿಟ್‌ನದು ಇನ್ನೂ ದೊಡ್ಡ ಕಥೆ: 1950ರಲ್ಲಿ 18 ಲಕ್ಷ ದಾಟಿದ್ದ ಜನ 2020ಕ್ಕೆ 6.4 ಲಕ್ಷ ಆಗಿದ್ದರು. ಇದರ ಮೇಲೆ 2008ರ ಗೃಹಸಾಲ ಬಿಕ್ಕಟ್ಟು ಬಂತು. ಮನೆಯ ಬೆಲೆಗಿಂತ ಸಾಲವೇ ಜಾಸ್ತಿ ಆದಾಗ ಎಷ್ಟೋ ಜನ ಕೀಲಿಕೈ ಅಲ್ಲೇ ಬಿಟ್ಟು ಹೊರಟುಹೋದರು.

'ಬ್ಲೈಟ್' ಅಂತ ಇಲ್ಲಿ ಎಲ್ಲರೂ ಹೇಳುತ್ತಾರಲ್ಲ, ಏನದು?

ಆಲೂಗಡ್ಡೆ, ಟೊಮೆಟೊ ಬೆಳೆಯುವವರಿಗೆ ಗೊತ್ತಿರುವ ಅಂಗಮಾರಿ ರೋಗಕ್ಕೆ ಇಂಗ್ಲಿಷಿನಲ್ಲಿ ಬ್ಲೈಟ್ ಅನ್ನುತ್ತಾರೆ. ಆ ಹೆಸರನ್ನೇ ಪಾಳು ಬಿದ್ದ ಬೀದಿಗಳಿಗೂ ಇಟ್ಟರು. ಹೋಲಿಕೆ ಸರಿಯಾಗಿಯೇ ಇದೆ. ಅಂಗಮಾರಿ ಒಂದು ಎಲೆಯಲ್ಲಿ ಕಂದು ಚುಕ್ಕೆಯಾಗಿ ಶುರುವಾಗಿ, ನೋಡನೋಡುತ್ತ ಪಕ್ಕದ ಗಿಡಕ್ಕೆ ಹಾರುತ್ತದೆ. ಮನೆಗಳೂ ಹಾಗೆಯೇ. ಮೊದಲು ಹುಲ್ಲು ಸೊಂಟದೆತ್ತರ ಬೆಳೆಯುತ್ತದೆ. ಆಮೇಲೆ ಯಾರೋ ರಾತ್ರಿ ನುಗ್ಗಿ ತಾಮ್ರದ ಪೈಪು, ವೈರು, ನೀರು ಕಾಯಿಸುವ ಟ್ಯಾಂಕು ಕಿತ್ತು ಗುಜರಿಗೆ ಹಾಕುತ್ತಾರೆ. ಚಳಿಗಾಲದಲ್ಲಿ ನೆಲಮಾಳಿಗೆಗೆ ನೀರು ತುಂಬಿ ಹೆಪ್ಪುಗಟ್ಟುತ್ತದೆ. ಕಿಟಕಿಗೆ ಪ್ಲೈವುಡ್ ಬರುತ್ತದೆ. ಒಂದು ದಿನ ಬೆಂಕಿ ಬೀಳುತ್ತದೆ. ಆಗ ಪಕ್ಕದ ಮನೆಯವರಿಗೆ ವಿಮೆ ಸಿಗುವುದು ಕಷ್ಟ, ಮನೆ ಮಾರುವುದು ಅದಕ್ಕಿಂತ ಕಷ್ಟ. ಅವರೂ ಹೊರಡುತ್ತಾರೆ.

2014ರಲ್ಲಿ ಡೆಟ್ರಾಯಿಟ್‌ನಲ್ಲಿ ಬೀದಿ ಬೀದಿ ಸುತ್ತಿ ಸುಮಾರು 3,80,000 ಸೈಟುಗಳನ್ನು ಪರಿಶೀಲಿಸಿದರು. ಹಾಳಾದವು ಅಥವಾ ಹಾಳಾಗುವ ಹಾದಿಯಲ್ಲಿದ್ದವು 84,641.

ಮಾಲೀಕ ಅಂತ ಒಬ್ಬ ಇರ್ತಾನಲ್ಲ, ಅವನನ್ನೇ ಹಿಡಿದು ಕೇಳಬಾರದಾ?

ಕೇಳಲು ಅವನು ಸಿಗಬೇಕಲ್ಲ! ಇಡೀ ಸಮಸ್ಯೆಯ ಗಂಟು ಇರುವುದೇ ಇಲ್ಲಿ. ಮನೆಯ ಯಜಮಾನ ತೀರಿಕೊಂಡಿರುತ್ತಾನೆ, ಮಕ್ಕಳು ಬೇರೆ ಬೇರೆ ರಾಜ್ಯದಲ್ಲಿರುತ್ತಾರೆ, ಯಾರ ಹೆಸರಿಗೂ ಖಾತೆ ಆಗಿರುವುದಿಲ್ಲ. ಅಥವಾ ಸಾಲ ಕೊಟ್ಟ ಬ್ಯಾಂಕ್ ಅರ್ಧಕ್ಕೆ ಕೈಬಿಟ್ಟಿರುತ್ತದೆ. ಅಥವಾ ಹರಾಜಿನಲ್ಲಿ ಕಣ್ಣಿಗೆ ಕಾಣದ ಒಂದು ಕಂಪನಿ ಕೊಂಡು, ಒಮ್ಮೆಯೂ ಬಂದು ನೋಡದೆ, ಇನ್ನೊಂದು ಕಂಪನಿಗೆ ದಾಟಿಸಿರುತ್ತದೆ. ನೋಟಿಸ್ ಅಂಟಿಸಿದರೆ ಗಾಳಿಗೆ ಹಾರಿಹೋಗುತ್ತದೆ, ದಂಡ ಹಾಕಿದರೆ ಅದೂ ಬಾಕಿಯ ಲೆಕ್ಕಕ್ಕೆ ಸೇರುತ್ತದೆ.

ಡೆಟ್ರಾಯಿಟ್‌ನಲ್ಲಿ ಮಾಲೀಕ ಸಿಗುವ ಕಡೆ ಲ್ಯಾಂಡ್ ಬ್ಯಾಂಕ್ ಕೋರ್ಟಿಗೇ ಹೋಗುತ್ತದೆ. ಒಂದೋ ಇಂತಿಷ್ಟು ದಿನದಲ್ಲಿ ಮನೆ ರಿಪೇರಿ ಮಾಡಿ, ಇಲ್ಲವೇ ಬಿಟ್ಟುಕೊಡಿ ಅಂತ ಕೇಳುತ್ತದೆ. ಎಷ್ಟೋ ಮಾಲೀಕರು ಆಗ ಎದ್ದು ಕೂತು ರಿಪೇರಿ ಶುರು ಮಾಡುತ್ತಾರೆ. ಕೆಡವುವುದಕ್ಕಿಂತ ಇದು ಎಷ್ಟೋ ವಾಸಿ.

ಮನೆ ಲ್ಯಾಂಡ್ ಬ್ಯಾಂಕ್ ಕೈಗೆ ಬರುವ ದಾರಿ ಯಾವುದು?

ಮಿಷಿಗನ್‌ನ ದಾರಿ ಹೇಳುತ್ತೇನೆ, ಬೇರೆ ರಾಜ್ಯಗಳಲ್ಲಿ ಸ್ವಲ್ಪ ಬೇರೆ. ಹಿಂದೆ ಇಲ್ಲಿ ತೆರಿಗೆ ಬಾಕಿಯನ್ನೇ ಹೂಡಿಕೆದಾರರಿಗೆ ಮಾರುತ್ತಿದ್ದರು. ಬಾಕಿ ಕೊಂಡವರಿಗೆ ಬಡ್ಡಿ ಬಂದರೆ ಸಾಕಿತ್ತು, ಮನೆ ಏನಾದರೂ ಆಗಲಿ. ಈ ಆಟದಲ್ಲಿ ಒಂದು ಮನೆ ಐದಾರು ವರ್ಷ ಅತಂತ್ರವಾಗಿ ಉಳಿಯುತ್ತಿತ್ತು. ಅಷ್ಟರಲ್ಲಿ ಛಾವಣಿ ಕುಸಿದಿರುತ್ತಿತ್ತು. 1999ರ ಕಾನೂನು ಈ ಮಾರಾಟವನ್ನು ನಿಲ್ಲಿಸಿತು. ಈಗ ಬಾಕಿ ಕೌಂಟಿ ಖಜಾಂಚಿಯ ಕೈಗೆ ಬರುತ್ತದೆ. ಮೂರನೇ ವರ್ಷವೂ ಕಟ್ಟದಿದ್ದರೆ, ನೋಟಿಸ್ ಕೊಟ್ಟು, ಕೋರ್ಟಿನ ಆದೇಶ ಪಡೆದು, ಮಾರ್ಚ್ 31ಕ್ಕೆ ಆಸ್ತಿ ಜಪ್ತಿಯಾಗುತ್ತದೆ. ಆಮೇಲೆ ಹರಾಜು. ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದದ್ದು ಲ್ಯಾಂಡ್ ಬ್ಯಾಂಕ್‌ಗೆ ಬರುತ್ತದೆ.

ಆಗ ಜೆನೆಸೀ ಕೌಂಟಿಯ ಖಜಾಂಚಿ ಆಗಿದ್ದವರು ಡ್ಯಾನ್ ಕಿಲ್ಡಿ. ಮುಂದೆ ಅಮೆರಿಕದ ಸಂಸತ್ತಿಗೂ ಆರಿಸಿ ಬಂದರು. ಹೊಸ ಕಾನೂನು ಬಂದಾಗ ಬೇರೆ ಖಜಾಂಚಿಗಳು ಇದೊಂದು ತಲೆನೋವು ಅಂದುಕೊಂಡ ಕಡೆ ಇವರು ಒಂದು ಅವಕಾಶ ಕಂಡರು. ಊರಿನ ಪಾಳು ಆಸ್ತಿ ಎಲ್ಲ ಹೇಗೂ ನಮ್ಮ ಕೈಗೇ ಬರುತ್ತದೆ ಅಂದ ಮೇಲೆ ಅದನ್ನು ಸುಮ್ನೆ ಹರಾಜು ಹಾಕಿ ಕೈ ತೊಳೆದುಕೊಳ್ಳುವುದು ಯಾಕೆ? ಹೀಗೆ 2002ರಲ್ಲಿ ಲ್ಯಾಂಡ್ ಬ್ಯಾಂಕಿನ ಮೊದಲ ರೂಪ ಹುಟ್ಟಿತು. 2003ರ ರಾಜ್ಯ ಕಾನೂನು ಅದಕ್ಕೆ ಪೂರ್ತಿ ಬಲ ಕೊಟ್ಟಿತು.

ದಾಖಲೆ ಸರಿಪಡಿಸುವುದೇ ದೊಡ್ಡ ಕೆಲಸವಾ?

ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಬುಲ್ಡೋಜರ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಫೈಲು ಯಾರಿಗೂ ಕಾಣುವುದಿಲ್ಲ.

ಒಂದು ಸೈಟು ಕೊಳ್ಳುವ ಮುಂಚೆ ನಾವು ಏನು ಮಾಡುತ್ತೇವೆ? ಇಸಿ ತೆಗೆಸುತ್ತೇವೆ, ಮೂಲಪತ್ರ ನೋಡುತ್ತೇವೆ, ವಕೀಲರಿಗೆ ತೋರಿಸುತ್ತೇವೆ. ಎಲ್ಲೋ ಒಬ್ಬ ಅಣ್ಣತಮ್ಮನ ಸಹಿ ಇಲ್ಲ ಅಂದರೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇಲ್ಲೂ ಅಷ್ಟೇ. ಹಳೆಯ ಸಾಲ, ಬಾಕಿ ತೆರಿಗೆ, ನೀರಿನ ಬಿಲ್ಲು, ಗುತ್ತಿಗೆದಾರನ ಕ್ಲೇಮು ಎಲ್ಲ ಅಂಟಿಕೊಂಡ ಮನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಒಂದು ಡಾಲರ್‌ಗೆ ಕೊಟ್ಟರೂ ಅದು ದುಬಾರಿಯೇ. ಮಿಷಿಗನ್ ಕಾನೂನಿನ ಪ್ರಕಾರ ಲ್ಯಾಂಡ್ ಬ್ಯಾಂಕ್ ನೂರಾರು ಆಸ್ತಿಗಳನ್ನು ಒಟ್ಟಿಗೇ ಕೋರ್ಟಿನ ಮುಂದಿಟ್ಟು ಹಳೆಯ ತಕರಾರುಗಳನ್ನೆಲ್ಲ ತೀರಿಸಿಕೊಳ್ಳಬಹುದು. ಒಬ್ಬ ಸಾಮಾನ್ಯ ಮನುಷ್ಯ ಒಂದೇ ಒಂದು ಸೈಟಿಗೆ ಇದನ್ನು ಮಾಡಿಸಲು ಹೊರಟರೆ ಸೈಟಿನ ಬೆಲೆಗಿಂತ ವಕೀಲರ ಫೀಸೇ ಜಾಸ್ತಿ ಆಗುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ?

ಯಾವಾಗಲೂ ಕಡಿಮೆಯೇ. ಒಂದು ಕೊಳವೆಯಿಂದ ಬರುವುದಿಲ್ಲ, ಹನಿ ಹನಿಯಾಗಿ ಬರುತ್ತದೆ. ಮನೆ, ಸೈಟು ಮಾರಿದ ಹಣ ಒಂದು. ಮಿಷಿಗನ್‌ನಲ್ಲಿ ಇನ್ನೊಂದು ಜಾಣ ಏರ್ಪಾಡಿದೆ: ಲ್ಯಾಂಡ್ ಬ್ಯಾಂಕ್ ಮಾರಿದ ಆಸ್ತಿ ಮತ್ತೆ ತೆರಿಗೆ ಕಟ್ಟಲು ಶುರು ಮಾಡಿದ ಮೇಲೆ ಐದು ವರ್ಷ ಆ ತೆರಿಗೆಯ ಸುಮಾರು ಅರ್ಧ ಲ್ಯಾಂಡ್ ಬ್ಯಾಂಕಿಗೆ ಸೇರುತ್ತದೆ. ಅಂದರೆ ಸೋಮಾರಿಯಾಗಿ ಆಸ್ತಿ ಕೂಡಿಟ್ಟುಕೊಂಡರೆ ಏನೂ ಸಿಗಲ್ಲ, ಒಳ್ಳೆಯವರ ಕೈಗೆ ದಾಟಿಸಿದರೆ ಮಾತ್ರ ಸಿಗುತ್ತದೆ.

ದೊಡ್ಡ ಮೊತ್ತ ಬಂದಿದ್ದು ಕೇಂದ್ರ ಸರ್ಕಾರದಿಂದ. ಗೃಹಸಾಲ ಬಿಕ್ಕಟ್ಟಿನ ನೆರವಿಗೆ ಇಟ್ಟಿದ್ದ ನಿಧಿಯಿಂದ 2013ರಲ್ಲಿ ಮಿಷಿಗನ್‌ನ ಐದು ಊರುಗಳಿಗೆ 10 ಕೋಟಿ ಡಾಲರ್ ಪಾಳು ಮನೆ ಕೆಡವಲು ಸಿಕ್ಕಿತು. ಫ್ಲಿಂಟ್‌ನ ಪಾಲು ಸುಮಾರು 2 ಕೋಟಿ. 2020ರಲ್ಲಿ ಡೆಟ್ರಾಯಿಟ್ ಮತದಾರರು 25 ಕೋಟಿ ಡಾಲರ್‌ನ ಬಾಂಡಿಗೆ, ಅಂದರೆ ನಗರ ಎತ್ತುವ ಸಾಲಕ್ಕೆ, ಒಪ್ಪಿಗೆ ಕೊಟ್ಟರು. ಅದು ಕೆಡವಲಿಕ್ಕೂ ಹೌದು, ಉಳಿಸಬಹುದಾದ ಮನೆಗಳನ್ನು ಉಳಿಸಲಿಕ್ಕೂ ಹೌದು.

ಹಾಗಾದರೆ ಎಲ್ಲ ಮನೆ ಕೆಡವುತ್ತಾರಾ?

ಇಲ್ಲ. ಗಟ್ಟಿ ಇರುವುದನ್ನು ರಿಪೇರಿ ಮಾಡಿಸಿ ಮಾರುತ್ತಾರೆ, ಅಥವಾ ರಿಪೇರಿ ಮಾಡುತ್ತೇನೆ ಅಂತ ಬರೆದುಕೊಟ್ಟವರಿಗೆ ಕೊಡುತ್ತಾರೆ. ಆದರೆ ಫ್ಲಿಂಟ್‌ನಂಥ ಊರಲ್ಲಿ ಕೆಡವಬೇಕಾದ್ದು ಸಾವಿರಾರು. 50,000 ಡಾಲರ್ ರಿಪೇರಿ ಬೇಡುವ ಮನೆ, ರಿಪೇರಿ ಆದ ಮೇಲೂ ಅದರ ಅರ್ಧಕ್ಕೆ ಹೋಗುವುದಾದರೆ ಯಾರು ಮುಂದೆ ಬರುತ್ತಾರೆ? ಕೆಡವುವುದೂ ಅಗ್ಗವಲ್ಲ. ಮೊದಲು ಆಸ್ಬೆಸ್ಟಾಸ್ ತೆಗೆಸಬೇಕು, ಗ್ಯಾಸು, ನೀರು ಕಡಿಯಬೇಕು, ನೆಲಮಾಳಿಗೆ ಅಗೆದು ಒಳ್ಳೆ ಮಣ್ಣು ತುಂಬಬೇಕು. ಒಂದು ಮನೆಗೆ ಹತ್ತು-ಇಪ್ಪತ್ತು ಸಾವಿರ ಡಾಲರ್ ಸುಲಭವಾಗಿ ಖರ್ಚಾಗುತ್ತದೆ.

ಕೆಡವುವುದು ಅಂದ ಕೂಡಲೇ ಇಲ್ಲಿನ ಕೆಲವು ಹಿರಿಯರ ಮುಖ ಗಂಟಿಕ್ಕುತ್ತದೆ. ಅದಕ್ಕೆ ಕಾರಣ ಇದೆ. ಹಿಂದೆ ಹೆದ್ದಾರಿ ಹಾಕಲು ಫ್ಲಿಂಟ್‌ನ ಫ್ಲೋರಲ್ ಪಾರ್ಕ್, ಸೇಂಟ್ ಜಾನ್ ಎಂಬ ಕಪ್ಪು ಜನರ ಕೇರಿಗಳನ್ನು ನೆಲಸಮ ಮಾಡಿದ್ದರು. ಆಗಲೂ 'ಬ್ಲೈಟ್' ಎಂಬ ಮಾತನ್ನೇ ಬಳಸಿದ್ದರು. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು, ಅಂಗಡಿ ಇಟ್ಟಿದ್ದರು. ಆ ನೋವು ಮನೆಗಳಲ್ಲಿ ಇನ್ನೂ ಮಾತಾಗಿ ಉಳಿದಿದೆ. ಹಾಗಾಗಿ ಯಾವುದನ್ನು ಕೆಡವಬೇಕು ಅಂತ ಬೀದಿಯವರನ್ನು ಕೇಳದೆ ಪಟ್ಟಿ ಮಾಡುವುದು ತಪ್ಪು ಅಂತಲೇ ನಾನು ನಂಬಿದ್ದೇನೆ.

ಕೆಡವಿದ ಮೇಲೆ ಖಾಲಿ ಸೈಟನ್ನು ಏನು ಮಾಡುತ್ತಾರೆ?

ಮೊದಲ ಹಕ್ಕು ಪಕ್ಕದ ಮನೆಯವರದು. ಇದನ್ನು ಸೈಡ್ ಲಾಟ್ ಅನ್ನುತ್ತಾರೆ. ಡೆಟ್ರಾಯಿಟ್‌ನಲ್ಲಿ ಪಕ್ಕದ ಖಾಲಿ ಸೈಟನ್ನು 100 ಡಾಲರ್‌ಗೆ ಕೊಡುತ್ತಾರೆ. ಸಾವಿರಾರು ಮನೆಯವರು ಹಾಗೆ ಕೊಂಡಿದ್ದಾರೆ. ಇಪ್ಪತ್ತು ವರ್ಷ ಪುಕ್ಕಟೆ ಹುಲ್ಲು ಕತ್ತರಿಸಿ ಆ ಜಾಗ ಕಾದವರು ಅವರೇ ತಾನೇ? ಅವರ ಹೆಸರಿಗೆ ಆಗುವುದು ನ್ಯಾಯ. ಕೆಲವರು ಬೇಲಿ ಹಾಕಿ ಮಕ್ಕಳಿಗೆ ಉಯ್ಯಾಲೆ ಕಟ್ಟುತ್ತಾರೆ, ಕೆಲವರು ಟೊಮೆಟೊ, ಸೊಪ್ಪು ಹಾಕುತ್ತಾರೆ, ಕೆಲವರು ಕಾರು ನಿಲ್ಲಿಸುತ್ತಾರೆ. ಎಲ್ಲವೂ ಸರಿಯೇ.

ಕೊಳ್ಳುವವರಿಲ್ಲದ ಕಡೆ ಜೆನೆಸೀ ಲ್ಯಾಂಡ್ ಬ್ಯಾಂಕ್ 2004ರಿಂದ 'ಕ್ಲೀನ್ ಅಂಡ್ ಗ್ರೀನ್' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಬೀದಿಯ ಸಂಘ, ಚರ್ಚು, ಯುವಕರ ಗುಂಪು ಯಾರು ಬೇಕಾದರೂ ತಮ್ಮ ಸುತ್ತಲಿನ ಹತ್ತಾರು ಸೈಟುಗಳನ್ನು ವಹಿಸಿಕೊಂಡು ಬೇಸಿಗೆ ಪೂರ್ತಿ ಹುಲ್ಲು ಕತ್ತರಿಸಿ, ಕಸ ಎತ್ತಿ, ಗಿಡ ಹಾಕಬಹುದು. ಅದಕ್ಕೆ ಲ್ಯಾಂಡ್ ಬ್ಯಾಂಕ್ ಗೌರವಧನ ಕೊಡುತ್ತದೆ. ಹೊರಗಿನ ಗುತ್ತಿಗೆದಾರನಿಗೆ ಹೋಗಬೇಕಿದ್ದ ದುಡ್ಡು ಅದೇ ಬೀದಿಯ ಹುಡುಗರ ಕೈಗೆ ಹೋಗುತ್ತದೆ.

ಒಂದು ಬೇಸಿಗೆ ನಾನೂ ಇಂಥ ಒಂದು ಗುಂಪಿನ ಜೊತೆ ನಾಲ್ಕು ಶನಿವಾರ ಕೆಲಸ ಮಾಡಿದೆ. ಹುಲ್ಲು ಕತ್ತರಿಸುವ ಯಂತ್ರ ತಳ್ಳುವ ಮುಂಚೆ ಅರ್ಧ ಗಂಟೆ ಬಗ್ಗಿ ಬಗ್ಗಿ ಹುಡುಕಬೇಕು. ಒಡೆದ ಬಾಟಲಿ, ಟೈರು, ಒದ್ದೆ ಹಾಸಿಗೆ, ಒಮ್ಮೆ ಮಗುವಿನ ಒಂದು ಸಣ್ಣ ಶೂ. ಹುಲ್ಲಿನ ನಡುವೆ ಯಾರೋ ಹಿಂದೆ ನೆಟ್ಟ ಲೈಲಾಕ್ ಪೊದೆ ಒಂದಿತ್ತು. ಗುಂಪಿನ ಹಿರಿಯ ಅಮ್ಮ ಒಬ್ಬರು "ಅದನ್ನು ಮುಟ್ಟಬೇಡಪ್ಪ, ಅದು ಅವರ ಅಡುಗೆಮನೆ ಕಿಟಕಿ ಹತ್ತಿರ ಇದ್ದದ್ದು" ಅನ್ನೋ ಅರ್ಥದಲ್ಲಿ ಹೇಳಿದರು. ಮನೆ ಹೋಗಿ ಹತ್ತು ವರ್ಷ ಆಗಿತ್ತು. ಅಡುಗೆಮನೆ ಎಲ್ಲಿತ್ತು ಅಂತ ಅವರಿಗೆ ಇನ್ನೂ ಗೊತ್ತಿತ್ತು.

ಬರೀ ಹುಲ್ಲು ಕತ್ತರಿಸಿದರೆ ಏನು ಬದಲಾಗುತ್ತೆ?

ನನಗೂ ಮೊದಲು ಇದೇ ಅನುಮಾನ ಇತ್ತು. ಈ ಬಗ್ಗೆ ತುಂಬಾ ಗಟ್ಟಿಯಾದ ಅಧ್ಯಯನ ನಡೆದಿರುವುದು ಫಿಲಡೆಲ್ಫಿಯಾದಲ್ಲಿ. ಚಾರ್ಲ್ಸ್ ಬ್ರಾನಸ್ ಮತ್ತು ಅವರ ಜೊತೆಗಾರರು 541 ಖಾಲಿ ಸೈಟುಗಳನ್ನು ತೆಗೆದುಕೊಂಡರು. ಔಷಧಿ ಪರೀಕ್ಷೆ ಮಾಡುವ ಹಾಗೆ, ಯಾವ ಸೈಟಿಗೆ ಏನು ಮಾಡಬೇಕು ಅಂತ ಚೀಟಿ ಎತ್ತಿದಂತೆ ಹಂಚಿದರು. ಕೆಲವನ್ನು ಸ್ವಚ್ಛ ಮಾಡಿ, ಹುಲ್ಲು ಬಿತ್ತಿ, ಒಂದೆರಡು ಮರ ನೆಟ್ಟು, ಮೊಣಕಾಲೆತ್ತರದ ಮರದ ಬೇಲಿ ಹಾಕಿದರು. ಕೆಲವನ್ನು ಇದ್ದ ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು: ಬಡ ಬಡಾವಣೆಗಳಲ್ಲಿ ಹೀಗೆ ಸರಿಮಾಡಿದ ಸೈಟುಗಳ ಸುತ್ತ ಬಂದೂಕಿನ ಹಿಂಸೆ 29% ಕಡಿಮೆಯಾಗಿತ್ತು. ಹಸಿರು ಮಾಡಿದ ಸೈಟುಗಳ ಹತ್ತಿರ ಇದ್ದವರಲ್ಲಿ ಮನಸ್ಸು ಕುಗ್ಗಿದೆ ಅಂತ ಹೇಳುವವರೂ 41.5% ಕಡಿಮೆಯಾಗಿದ್ದರು. ಖರ್ಚು ಎಷ್ಟು? ಒಂದು ಸೈಟಿಗೆ ಸುಮಾರು 1,600 ಡಾಲರ್, ಆಮೇಲೆ ವರ್ಷಕ್ಕೆ 180.

ಫ್ಲಿಂಟ್‌ನಲ್ಲೂ ಮಿಷಿಗನ್ ವಿಶ್ವವಿದ್ಯಾಲಯದವರು ಕ್ಲೀನ್ ಅಂಡ್ ಗ್ರೀನ್ ಗುಂಪುಗಳು ನೋಡಿಕೊಂಡ ಬೀದಿಗಳನ್ನೂ ಹಾಗೇ ಬಿಟ್ಟ ಬೀದಿಗಳನ್ನೂ ಹೋಲಿಸಿದರು. ನೋಡಿಕೊಂಡ ಕಡೆ ಹೊಡೆದಾಟ, ಹಲ್ಲೆ ಸುಮಾರು 40% ಕಡಿಮೆ. ಹುಲ್ಲಿಗೆ ಮಂತ್ರಶಕ್ತಿ ಏನೂ ಇಲ್ಲ. ಪೊದೆ ಇಲ್ಲದಿದ್ದರೆ ಬಂದೂಕು ಬಚ್ಚಿಡಲು ಜಾಗ ಇಲ್ಲ. ಜಾಗ ಚೆನ್ನಾಗಿದ್ದರೆ ಜನ ಜಗಲಿಗೆ ಬಂದು ಕೂರುತ್ತಾರೆ, ಮಕ್ಕಳು ಆಡುತ್ತಾರೆ. ಜನ ಓಡಾಡುವ ಬೀದಿಗೆ ಕೆಟ್ಟ ಕೆಲಸ ಮಾಡುವವನು ಬರಲು ಹೆದರುತ್ತಾನೆ. ನಮ್ಮ ಊರ ಅರಳಿಕಟ್ಟೆ ಮಾಡುವ ಕೆಲಸವೂ ಇದೇ ಅಲ್ವಾ?

ತೋಟ, ಉದ್ಯಾನ ಬಿಟ್ಟು ಬೇರೆ ಏನಾದರೂ ಆಗಿದೆಯಾ?

ಕ್ಲೀವ್‌ಲ್ಯಾಂಡ್‌ನ ಹಫ್ ಬಡಾವಣೆಯ ಉದಾಹರಣೆ ನನಗೆ ತುಂಬಾ ಇಷ್ಟ. 1966ರಲ್ಲಿ ದೊಡ್ಡ ಗಲಭೆ ನಡೆದ ಜಾಗ ಅದು. ಅಲ್ಲಿ ಒಂದು ಪಾಳು ಅಪಾರ್ಟ್‌ಮೆಂಟ್ ಕೆಡವಿದ ಮುಕ್ಕಾಲು ಎಕರೆಯಲ್ಲಿ ಮ್ಯಾನ್ಸ್‌ಫೀಲ್ಡ್ ಫ್ರೇಜರ್ ಎಂಬುವರು 2010ರಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರು. ಅವರು ಸ್ವತಃ ಹಿಂದೆ ಜೈಲು ಕಂಡವರು, ಆಮೇಲೆ ಪತ್ರಕರ್ತರಾದವರು. ಜೈಲಿನಿಂದ ಹೊರಬಂದವರಿಗೆ ಆ ತೋಟದಲ್ಲಿ ಕೆಲಸ ಕೊಟ್ಟರು. ಅಲ್ಲಿನ ದ್ರಾಕ್ಷಿಯಿಂದ 'ಶಾಟೋ ಹಫ್' ಎಂಬ ಹೆಸರಲ್ಲಿ ವೈನ್ ತಯಾರಾಯಿತು. ಫ್ರೇಜರ್ 2021ರಲ್ಲಿ ತೀರಿಕೊಂಡರು.

ದೊಡ್ಡ ಕಟ್ಟಡಕ್ಕೆ ಉದಾಹರಣೆ ಬೇಕಾದರೆ ಫ್ಲಿಂಟ್‌ನ ಡ್ಯುರಾಂಟ್ ಹೋಟೆಲ್. 1920ರಲ್ಲಿ ಕಟ್ಟಿದ್ದು, 1973ರಲ್ಲಿ ಬಾಗಿಲು ಹಾಕಿತು. ಮೂವತ್ತು ವರ್ಷಕ್ಕೂ ಹೆಚ್ಚು ಊರಿನ ನಡುವೆ ಒಡೆದ ಕಿಟಕಿ ಹೊತ್ತು ನಿಂತಿತ್ತು. 2005ರಲ್ಲಿ ಲ್ಯಾಂಡ್ ಬ್ಯಾಂಕ್ ಅದನ್ನು ಕೊಂಡು, ಡೆವಲಪರ್ ಹುಡುಕಿ, ಸುಮಾರು 3 ಕೋಟಿ ಡಾಲರ್ ಖರ್ಚಿನಲ್ಲಿ ಅಪಾರ್ಟ್‌ಮೆಂಟ್ ಆಗಿ ಮಾಡಿಸಿತು. ಈಗ ಅಲ್ಲಿ 93 ಮನೆಗಳಿವೆ.

ಡೆಟ್ರಾಯಿಟ್‌ನಲ್ಲಿ ಸಾವಿರ ಡಾಲರ್‌ಗೆ ಮನೆ ಸಿಗುತ್ತಂತೆ. ಬೆಂಗಳೂರಿನಲ್ಲೇ ಕೂತು ಒಂದು ಕೊಂಡುಬಿಡಲಾ?

ದಯವಿಟ್ಟು ಬೇಡ. ಲ್ಯಾಂಡ್ ಬ್ಯಾಂಕ್ ಹರಾಜು 1,000 ಡಾಲರ್‌ನಿಂದ ಶುರುವಾಗುವುದು ನಿಜ. ಆದರೆ ಕೊಂಡವರು ಆರು ತಿಂಗಳಲ್ಲಿ ರಿಪೇರಿ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಮನೆ ವಾಪಸ್ ಹೋಗುತ್ತದೆ. ಛಾವಣಿ, ವೈರಿಂಗು, ಕೊಳಾಯಿ, ಹೀಟರು ಸೇರಿ ಹತ್ತಾರು ಸಾವಿರ ಡಾಲರ್ ಖರ್ಚಿದೆ. ಆನ್‌ಲೈನ್‌ನಲ್ಲಿ ಬೇರೆಯವರು ಮಾರುವ ಅಗ್ಗದ ಮನೆಗಳಿಗೆ ಆ ಷರತ್ತೂ ಇರುವುದಿಲ್ಲ. ದೂರದಲ್ಲಿ ಕೂತು ಫೋಟೋ ನೋಡಿ ಕೊಂಡವರಿಂದಲೇ ಎಷ್ಟೋ ಬೀದಿಗಳು ಇನ್ನಷ್ಟು ಹಾಳಾಗಿವೆ. ಹಿಮ ಬಿದ್ದಾಗ ಪೈಪು ಒಡೆದರೆ ಬಂದು ನೋಡುವವರು ಯಾರು?

ತೆರಿಗೆ ಕಟ್ಟಲಾಗದ ಬಡವರ ಮನೆ ಕಿತ್ತುಕೊಂಡ ಹಾಗಲ್ವಾ ಇದು?

ಕೇಳಲೇಬೇಕಾದ ಪ್ರಶ್ನೆ. ನಾನು ಲ್ಯಾಂಡ್ ಬ್ಯಾಂಕ್ ಪರವಾಗಿದ್ದರೂ ಇಲ್ಲಿ ಏನನ್ನೂ ಮುಚ್ಚಿಡುವುದಿಲ್ಲ.

ಪಾಳು ಮನೆಗಳ ಜೊತೆಗೆ ಜನ ವಾಸ ಇದ್ದ ಮನೆಗಳೂ ಜಪ್ತಿಯಾಗಿವೆ. ಡೆಟ್ರಾಯಿಟ್‌ನಲ್ಲಿ ಮನೆಗಳ ಬೆಲೆ ಬಿದ್ದ ಮೇಲೂ ನಗರಸಭೆ ಹಳೆಯ ಲೆಕ್ಕದಲ್ಲೇ ತೆರಿಗೆ ಹಾಕುತ್ತಾ ಬಂತು. 2010ರಿಂದ 2016ರವರೆಗೆ ಜನರಿಂದ ಕನಿಷ್ಠ 60 ಕೋಟಿ ಡಾಲರ್ ಹೆಚ್ಚಿಗೆ ವಸೂಲಾಗಿದೆ ಅಂತ ಅಲ್ಲಿನ ಪತ್ರಿಕೆ 2020ರಲ್ಲಿ ಲೆಕ್ಕ ಹಾಕಿತು. ಬಡ ಮಾಲೀಕರಿಗೆ ವಿನಾಯಿತಿ ಇತ್ತು, ಆದರೆ ಬಹಳ ಜನಕ್ಕೆ ಅದು ಗೊತ್ತೇ ಇರಲಿಲ್ಲ.

ಇನ್ನೊಂದು ಅನ್ಯಾಯ: ಸಣ್ಣ ಬಾಕಿಗೆ ಮನೆ ಮಾರಿ ಉಳಿದ ದುಡ್ಡನ್ನೂ ಕೌಂಟಿಯೇ ಇಟ್ಟುಕೊಳ್ಳುತ್ತಿತ್ತು. ಮಿಷಿಗನ್‌ನಲ್ಲಿ ಒಬ್ಬರು ತೆರಿಗೆಯಲ್ಲಿ 8.41 ಡಾಲರ್ ಕಡಿಮೆ ಕಟ್ಟಿದ್ದರು. ಬಡ್ಡಿ, ಶುಲ್ಕ ಸೇರಿ ಅದು 285 ಡಾಲರ್ ಆಯಿತು. ಕೌಂಟಿ ಆ ಮನೆಯನ್ನು 24,500ಕ್ಕೆ ಮಾರಿ ಅಷ್ಟೂ ದುಡ್ಡು ಇಟ್ಟುಕೊಂಡಿತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು. 2023ರಲ್ಲಿ ಮಿನೆಸೋಟದ ಒಬ್ಬ ವೃದ್ಧೆಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನೇ ಹೇಳಿದರು. ಈ ತೀರ್ಪುಗಳಿಂದ ಕೌಂಟಿಗಳ ಆದಾಯ ಇಳಿದಿದೆ, ಲ್ಯಾಂಡ್ ಬ್ಯಾಂಕ್‌ಗಳ ಕೈಯೂ ಬಿಗಿಯಾಗಿದೆ. ಆದರೂ ತೀರ್ಪು ಸರಿ. ಒಬ್ಬರ ಜೀವಮಾನದ ಉಳಿತಾಯದಿಂದ ಊರು ಉದ್ಧಾರ ಆಗಬೇಕಾಗಿಲ್ಲ.

ಡೆಟ್ರಾಯಿಟ್ ಲ್ಯಾಂಡ್ ಬ್ಯಾಂಕ್ ತನ್ನ ಕೈಗೆ ಬಂದ ಮನೆಯಲ್ಲಿ ಜನ ವಾಸ ಇದ್ದರೆ, ಅರ್ಹರಿಗೆ 1,000 ಡಾಲರ್‌ಗೆ ಅದನ್ನು ವಾಪಸ್ ಕೊಳ್ಳುವ ಅವಕಾಶ ಕೊಟ್ಟಿದೆ. ಮನೆ ಖರ್ಚು, ತೆರಿಗೆ ನಿಭಾಯಿಸುವ ತರಬೇತಿಯೂ ಅದರ ಜೊತೆಗಿದೆ. ಎಲ್ಲ ಕಡೆ ಹೀಗೆ ಆಗಬೇಕು.

ಲ್ಯಾಂಡ್ ಬ್ಯಾಂಕ್ ದಾರಿ ತಪ್ಪುವುದು ಯಾವಾಗ?

ಆಸ್ತಿ ಕೂಡಿಟ್ಟುಕೊಂಡು ಕೂತಾಗ. ಎಲ್ಲಕ್ಕಿಂತ ಹಳೆಯದಾದ ಸೇಂಟ್ ಲೂಯಿಸ್ ಸಂಸ್ಥೆ ಬಹಳ ವರ್ಷ 10,000ಕ್ಕೂ ಹೆಚ್ಚು ಆಸ್ತಿ ಇಟ್ಟುಕೊಂಡು, ನೋಡಿಕೊಳ್ಳಲು ದುಡ್ಡಿಲ್ಲದೆ, ತಾನೇ ಊರಿನ ದೊಡ್ಡ ಪಾಳು ಮಾಲೀಕ ಅನ್ನಿಸಿಕೊಂಡಿತು. ಆತುರ ಬಿದ್ದರೂ ತಪ್ಪೇ. ಡೆಟ್ರಾಯಿಟ್‌ನಲ್ಲಿ ವೇಗವಾಗಿ ಕೆಡವುವ ಭರದಲ್ಲಿ ಗುತ್ತಿಗೆ, ಖರ್ಚುಗಳ ಬಗ್ಗೆ ಪ್ರಶ್ನೆ ಎದ್ದು 2016ರಲ್ಲಿ ಕೇಂದ್ರದ ಹಣ ಸುಮಾರು ಎರಡು ತಿಂಗಳು ನಿಂತಿತ್ತು. ಗುಂಡಿಗೆ ತುಂಬಿದ ಮಣ್ಣಿನ ಬಗ್ಗೆಯೂ ದೂರುಗಳು ಬಂದವು. ಮುಂದೆ ಮಕ್ಕಳು ಆಡುವ ಜಾಗದ ಮಣ್ಣು ಅದು.

ಕರ್ನಾಟಕದಲ್ಲಿ ಇಂಥದ್ದು ಬೇಕಾ?

ಹಾಗೇ ಎತ್ತಿ ತಂದು ಇಡಲು ಆಗುವುದಿಲ್ಲ. ಫ್ಲಿಂಟ್‌ನಲ್ಲಿ ಸೈಟು ಖಾಲಿ ಇರುವುದು ಯಾರಿಗೂ ಬೇಡ ಅಂತ. ಬೆಂಗಳೂರಿನಲ್ಲಿ ಸೈಟು ಖಾಲಿ ಇರುವುದು ಮುಂದೆ ಇನ್ನೂ ಬೆಲೆ ಬರುತ್ತದೆ ಅಂತ. ಕಳೆ ಎರಡೂ ಕಡೆ ಒಂದೇ ಥರ ಬೆಳೆದ ಹಾಗೆ ಕಂಡರೂ ಬೇರು ಬೇರೆ. ಆದರೆ ಎರಡು ವಿಷಯ ನಮಗೂ ಹೊಂದುತ್ತವೆ. ಒಂದು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಬಾಗಿಲು ಹಾಕಿ ಕುಸಿಯುತ್ತಿರುವ ತೊಟ್ಟಿಮನೆ, ವಠಾರಗಳ ದಾಖಲೆ ಬಿಡಿಸಲು ಬೇಗ ಮುಗಿಯುವ ಒಂದು ದಾರಿ. ಇನ್ನೊಂದು, ಮಾಲೀಕ ಬರುವವರೆಗಾದರೂ ಖಾಲಿ ಸೈಟನ್ನು ಬೀದಿಯವರೇ ಸ್ವಚ್ಛ ಇಟ್ಟುಕೊಂಡು ಬಳಸಲು ಕಾನೂನಿನ ಒಪ್ಪಿಗೆ, ಅದಕ್ಕೆ ಒಂದಿಷ್ಟು ಗೌರವಧನ.

ಒಂದು ಬೀದಿ ಸರಿಹೋಗಲು ಎಷ್ಟು ವರ್ಷ ಬೇಕು?

ನಾನು ಹುಲ್ಲು ಕತ್ತರಿಸಿದ ಬೀದಿಯ ಲೆಕ್ಕ ಹೇಳುತ್ತೇನೆ. ಮೊದಲ ಸಲ ಹೋದಾಗ ಒಂದು ಬದಿಯಲ್ಲಿ ಹನ್ನೊಂದು ಜಾಗಗಳಿದ್ದವು: ನಾಲ್ಕರಲ್ಲಿ ಜನ, ಮೂರು ಪಾಳು ಮನೆ, ನಾಲ್ಕು ಖಾಲಿ ಸೈಟು. ಆರು ವರ್ಷ ಆದ ಮೇಲೆ ಪಾಳು ಮನೆ ಒಂದೂ ಇರಲಿಲ್ಲ. ಎರಡನ್ನು ಕೆಡವಿದ್ದರು, ಒಂದಕ್ಕೆ ಹೊಸ ಛಾವಣಿ ಬಂದು ಒಂದು ಸಂಸಾರ ಸೇರಿತ್ತು. ಎರಡು ಸೈಟು ಪಕ್ಕದವರ ಹೆಸರಿಗೆ ಆಗಿದ್ದವು. ಉಳಿದವನ್ನು ಗುಂಪಿನವರು ಇನ್ನೂ ನೋಡಿಕೊಳ್ಳುತ್ತಿದ್ದಾರೆ. ರಸ್ತೆಯಂಚಿನ ಕಲ್ಲಿನಲ್ಲಿ ಕಾರು ಒಳಗೆ ತಿರುಗಲು ಮಾಡಿದ್ದ ಇಳಿಜಾರುಗಳು ಮಾತ್ರ ಹಾಗೇ ಇವೆ. ಅವನ್ನು ಎಣಿಸಿದರೆ ಹಿಂದೆ ಎಷ್ಟು ಮನೆ ಇದ್ದವು ಅಂತ ಗೊತ್ತಾಗುತ್ತದೆ. ಲೈಲಾಕ್ ಪೊದೆಯೂ ಇದೆ, ಮೇ ತಿಂಗಳಲ್ಲಿ ಹೂ ಬಿಡುತ್ತದೆ.